1000 ಚಿತ್ರ, 11 ನಿಮಿಷ: ಅಕ್ಬರ್ ಪದಮ್ಸೀ ಅನಿಮೇಷನ್‌ಗೆ ಕೈ ಹಾಕಿದ್ದು

1970ರಲ್ಲಿ ಮುಂಬೈಯಲ್ಲಿ ಒಂದು ಫಿಲಂ ತಯಾರಾಯಿತು. 16 ಎಂಎಂ, ಕಪ್ಪು-ಬಿಳುಪು, 11 ನಿಮಿಷ. ಅದರಲ್ಲಿ ಕಥೆ ಇಲ್ಲ, ಪಾತ್ರ ಇಲ್ಲ. ಮಾತೂ ಇಲ್ಲ, ಸಂಗೀತವೂ ಇಲ್ಲ. ತೆರೆಯ ಮೇಲೆ ಬರೀ ಗೆರೆ, ಚುಕ್ಕೆ, ಆಕಾರ. ಅವು ಹುಟ್ಟುತ್ತವೆ, ಒಂದರ ಜೊತೆ ಒಂದು ಸೇರುತ್ತವೆ, ಮತ್ತೆ ಬೇರೆಯಾಗುತ್ತವೆ. ಇದಕ್ಕಾಗಿ ಸುಮಾರು 1000 ಚಿತ್ರಗಳನ್ನು ಕೈಯಲ್ಲೇ ಬರೆಯಬೇಕಾಯಿತು. ಫಿಲಂನ ಹೆಸರು ‘ಸಿಝಿಜಿ’. ಸೂರ್ಯ, ಭೂಮಿ, ಚಂದ್ರ ಮೂರೂ ಒಂದೇ ಸಾಲಿಗೆ ಬರುವ ಸ್ಥಿತಿಗೆ ಖಗೋಳ ವಿಜ್ಞಾನದವರು ಇಟ್ಟ ಹೆಸರು ಅದು. ನಮಗೆ ಪ್ರತಿ ತಿಂಗಳೂ ಅಮಾವಾಸ್ಯೆ, ಹುಣ್ಣಿಮೆಗೆ ಆಗುವಂಥದ್ದು.

ಮಾಡಿದವರು ಅಕ್ಬರ್ ಪದಮ್ಸೀ. ಆಗ ಅವರಿಗೆ ವಯಸ್ಸು 40 ದಾಟಿತ್ತು, ಚಿತ್ರಕಾರರಾಗಿ ದೊಡ್ಡ ಹೆಸರೂ ಇತ್ತು. ಅನಿಮೇಷನ್ ಕಲಿತವರಲ್ಲ. ಆಮೇಲೂ ಅನಿಮೇಟರ್ ಆಗಲಿಲ್ಲ. ಇನ್ನೊಂದು ಫಿಲಂ ಮಾಡಿದರು, ಅದು ಕಳೆದೇ ಹೋಯಿತು. ಅಲ್ಲಿಗೆ ಅವರ ಸಿನಿಮಾ ಪ್ರಯೋಗ ಮುಗಿಯಿತು. ಒಬ್ಬ ಪೇಂಟರ್ ಯಾಕೆ ಇಂಥದ್ದಕ್ಕೆ ಕೈ ಹಾಕಿದರು, ಹೇಗೆ ಮಾಡಿದರು, ಯಾಕೆ ಅದು ಮುಂದುವರಿಯಲಿಲ್ಲ ಅನ್ನುವುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಯಾರಿವರು

ಪದಮ್ಸೀ ಹುಟ್ಟಿದ್ದು 1928ರಲ್ಲಿ, ಮುಂಬೈಯಲ್ಲಿ. ಗುಜರಾತಿ ಮಾತನಾಡುವ ಖೋಜಾ ಕುಟುಂಬ. ಓದಿದ್ದು ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ. 1951ರಲ್ಲಿ ಪ್ಯಾರಿಸ್‌ಗೆ ಹೋದರು. 1954ರಲ್ಲಿ ಮುಂಬೈಯ ಜಹಾಂಗೀರ್ ಗ್ಯಾಲರಿಯಲ್ಲಿ ಅವರ ಪ್ರದರ್ಶನ ನಡೆದಾಗ ಪ್ರೇಮಿಗಳ ಚಿತ್ರಗಳ ಮೇಲೆ ಅಶ್ಲೀಲತೆಯ ಕೇಸು ಬಿತ್ತು. ಕೋರ್ಟಿನಲ್ಲಿ ಹೋರಾಡಿ ಗೆದ್ದರು.

ನಮ್ಮ ವಿಷಯಕ್ಕೆ ಈ ಕೇಸಿಗಿಂತ ಮುಖ್ಯವಾದದ್ದು 1959-60ರಲ್ಲಿ ಅವರು ಮಾಡಿದ ಕೆಲಸ. ಆಗ ಬಣ್ಣಗಳನ್ನೆಲ್ಲ ಬದಿಗಿಟ್ಟು ಬರೀ ಬೂದು ಬಣ್ಣದಲ್ಲಿ ದೊಡ್ಡ ದೊಡ್ಡ ಕ್ಯಾನ್ವಾಸ್‌ಗಳನ್ನು ಬರೆದರು. ಬಣ್ಣದಲ್ಲಿ ಪಳಗಿದ ಕೈ ಬೇಕೆಂದೇ ಬಣ್ಣ ಬಿಟ್ಟಿತ್ತು. ಅವರ ಸ್ವಭಾವವೇ ಹಾಗೆ ಅನ್ನಿಸುತ್ತದೆ. ಮೊದಲು ತಮಗೆ ತಾವೇ ಒಂದು ಕಟ್ಟು ಹಾಕಿಕೊಳ್ಳುವುದು, ಆಮೇಲೆ ಆ ಕಟ್ಟಿನೊಳಗೆ ಏನೇನು ಸಾಧ್ಯ ಅಂತ ನೋಡುವುದು. ‘ಸಿಝಿಜಿ’ಯಲ್ಲೂ ಇದೇ ನಡೆಯಿತು. ಬಣ್ಣ ಬೇಡ, ಶಬ್ದ ಬೇಡ, ಮನುಷ್ಯಾಕೃತಿ ಬೇಡ. ಹಾಗಾದರೆ ಏನು ಉಳಿಯುತ್ತದೆ? ಗೆರೆ ಮತ್ತು ಹೊತ್ತು.

ಫೆಲೋಶಿಪ್ ದುಡ್ಡು, ಒಂದು ಕಾರ್ಯಾಗಾರ

1969ರಲ್ಲಿ ಅವರಿಗೆ ಜವಾಹರಲಾಲ್ ನೆಹರೂ ಫೆಲೋಶಿಪ್ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಆ ದುಡ್ಡಿನಲ್ಲಿ ಎರಡು ವರ್ಷ ಸುಮ್ನೆ ಕೂತು ಪೇಂಟಿಂಗ್ ಮಾಡುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ. ಪದಮ್ಸೀ ಮಾತ್ರ ‘ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್’ ಎಂಬ ಕಾರ್ಯಾಗಾರ ಶುರು ಮಾಡಿದರು. 1969ರಿಂದ 1972ರವರೆಗೆ ಅದು ನಡೆಯಿತು. ಬೇರೆ ಬೇರೆ ಕಲೆಯವರು ಒಂದೇ ಕಡೆ ಸೇರಬೇಕು, ಒಬ್ಬರ ಉಪಕರಣವನ್ನು ಇನ್ನೊಬ್ಬರು ಮುಟ್ಟಿ ನೋಡಬೇಕು ಅನ್ನುವುದು ಅದರ ಹಿಂದಿನ ಯೋಚನೆ. ಪೇಂಟರ್‌ಗೆ ಕ್ಯಾಮೆರಾ ಸಿಗಬೇಕು, ಸಿನಿಮಾದವರಿಗೆ ಚಿತ್ರಕಾರರ ಕಣ್ಣು ಸಿಗಬೇಕು.

ಅಲ್ಲಿಗೆ ಬಂದವರ ಪಟ್ಟಿ ನೋಡಿದರೆ ಈಗ ಬೆರಗಾಗುತ್ತದೆ. ಸಿನಿಮಾದಿಂದ ಮಣಿ ಕೌಲ್, ಕುಮಾರ್ ಶಹಾನಿ. ಆಗಷ್ಟೇ ಜೆ.ಜೆ. ಮುಗಿಸಿದ್ದ ನಳಿನಿ ಮಲಾನಿ. ಮನೋವಿಶ್ಲೇಷಕ ಉದಯನ್ ಪಟೇಲ್ ಕೂಡ ಇದ್ದರು. ಮುಂದೆ ಮಣಿ ಕೌಲ್ 1973ರಲ್ಲಿ ‘ದುವಿಧಾ’ ಮಾಡಿದಾಗ ದುಡ್ಡಿಗೆ ನೆರವಾದದ್ದು ಪದಮ್ಸೀ ಮುಂದಾಳತ್ವದ ಇದೇ ಕಲಾವಿದರ ಬಳಗ.

ಆ ಕಾಲದಲ್ಲಿ ಚಿತ್ರಕಾರರು ಸಿನಿಮಾಕ್ಕೆ ಹೋಗುವುದೇನೂ ಹೊಸದಾಗಿರಲಿಲ್ಲ. ಎಂ.ಎಫ್. ಹುಸೇನ್ 1967ರಲ್ಲಿ ರಾಜಸ್ಥಾನವನ್ನು ಕ್ಯಾಮೆರಾದಲ್ಲಿ ಹಿಡಿದ ಕಿರುಚಿತ್ರ ಬರ್ಲಿನ್‌ನಲ್ಲಿ ಬಹುಮಾನ ಪಡೆದಿತ್ತು. ತಯ್ಯಬ್ ಮೆಹ್ತಾ 1970ರಲ್ಲಿ ‘ಕೂಡಲ್’ ಮಾಡಿದರು. ಎರಡೂ ಸರ್ಕಾರದ ಫಿಲಂಸ್ ಡಿವಿಷನ್‌ನಲ್ಲಿ ಆದವು, ಎರಡೂ ಹೊರಗಿನ ಲೋಕವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದವು. ಪದಮ್ಸೀ ಹೊರಗೆ ಹೋಗಲೇ ಇಲ್ಲ. ಕಾಗದದ ಮೇಲಿನ ಗೆರೆಯನ್ನೇ ಕ್ಯಾಮೆರಾ ಕೆಳಗೆ ಇಟ್ಟರು. ಈ ಮೂವರಲ್ಲಿ ಜಾಸ್ತಿ ಧೈರ್ಯ ತೋರಿಸಿದವರು ಇವರೇ ಅಂತ ನನಗನ್ನಿಸುತ್ತದೆ. ಹುಸೇನರ ಚಿತ್ರದಲ್ಲಿ ನೋಡುವವರಿಗೆ ಹಿಡಿದುಕೊಳ್ಳಲು ಒಂಟೆ, ಕೊಡೆ, ಕೋಟೆ ಏನೋ ಒಂದು ಸಿಗುತ್ತದೆ. ಇಲ್ಲಿ ಏನೂ ಸಿಗುವುದಿಲ್ಲ.

ಗೆರೆಗೆ ಹೊತ್ತು ಕೊಡುವುದು

ಪೇಂಟಿಂಗ್‌ನಲ್ಲಿ ಇಲ್ಲದ ಏನು ಅವರಿಗೆ ಫಿಲಂನಲ್ಲಿ ಬೇಕಾಗಿತ್ತು? ಸಾಮಾನ್ಯವಾಗಿ ಹೇಳುವ ಉತ್ತರ ‘ಚಲನೆ’. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ಅನುಕ್ರಮ, ಯಾವುದಾದ ಮೇಲೆ ಯಾವುದು ಅನ್ನುವುದು.

ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವುದನ್ನು ನೋಡಿದ್ದೀರಲ್ಲ. ಮೊದಲು ಚುಕ್ಕಿಗಳ ಸಾಲು. ಆಮೇಲೆ ಒಂದು ಗೆರೆ ಹೊರಟು ಚುಕ್ಕಿಗಳನ್ನು ಬಳಸಿ ತಿರುಗಿ ಬರುತ್ತದೆ. ಹಾಕುವಾಗ ಪಕ್ಕದಲ್ಲಿ ನಿಂತವರಿಗೆ ಮಾತ್ರ ಆ ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ತಡೆಯಿತು ಅಂತ ಗೊತ್ತು. ಹಾಕಿ ಮುಗಿದ ಮೇಲೆ ಬಂದವರಿಗೆ ಕಾಣುವುದು ಬರೀ ರಂಗೋಲಿ. ಕ್ಯಾನ್ವಾಸ್‌ನದೂ ಇದೇ ಕಥೆ. ಮುಗಿದ ಚಿತ್ರ ತನ್ನ ಅನುಕ್ರಮವನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಸುಮ್ಮನಾಗುತ್ತದೆ. ಫಿಲಂ ಹಾಗಲ್ಲ. ಚುಕ್ಕಿ ಮೊದಲು, ಗೆರೆ ಆಮೇಲೆ ಅಂದರೆ ನೋಡುವವರೂ ಅದೇ ಕ್ರಮದಲ್ಲಿ ನೋಡಲೇಬೇಕು. ಎಷ್ಟು ಹೊತ್ತು ನೋಡಬೇಕು ಅನ್ನುವುದನ್ನೂ ಬರೆದವನೇ ನಿರ್ಧರಿಸುತ್ತಾನೆ.

ಪದಮ್ಸೀಗೆ ಪಾಲ್ ಕ್ಲೇ ಎಂದರೆ ಬಹಳ ಗೌರವ. ಕ್ಲೇ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಪಾಠ ಮಾಡಿದವರು. ಚುಕ್ಕೆ ಹೊರಟರೆ ಗೆರೆ, ಗೆರೆ ಪಕ್ಕಕ್ಕೆ ಸರಿದರೆ ಮೇಲ್ಮೈ ಎಂದು ಹಂತ ಹಂತವಾಗಿ ಕಲಿಸಿದವರು. ಇದನ್ನು ಪುಸ್ತಕದಲ್ಲಿ ಓದಿದರೆ ಪಾಠ. ಸೆಕೆಂಡಿಗೆ 24 ಫ್ರೇಮ್‌ನಂತೆ, ಅಂದರೆ ಫಿಲಂ ಮೇಲಿನ 24 ಬಿಡಿ ಚಿತ್ರದಂತೆ ಓಡಿಸಿದರೆ ಕಣ್ಣೆದುರೇ ನಡೆಯುವ ಘಟನೆ.

ಲೆಕ್ಕ ಏನು ಹೇಳುತ್ತದೆ

ಫಿಲಂ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. 11 ನಿಮಿಷಕ್ಕೆ 15,840 ಫ್ರೇಮ್. ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮ್ ತೆಗೆಯುವುದು ಮಾಮೂಲಿ ಪದ್ಧತಿ. ಹಾಗೆ ಮಾಡಿದರೂ 11 ನಿಮಿಷಕ್ಕೆ ಎಂಟು ಸಾವಿರದ ಹತ್ತಿರ ಚಿತ್ರ ಬೇಕು. ಪದಮ್ಸೀ ಬರೆದದ್ದು ಸುಮಾರು 1000. ಅಂದರೆ ಸರಾಸರಿ ಒಂದು ಚಿತ್ರ ತೆರೆಯ ಮೇಲೆ 16 ಫ್ರೇಮ್‌ನಷ್ಟು ನಿಲ್ಲುತ್ತದೆ. ಸೆಕೆಂಡಿನ ಮೂರನೇ ಎರಡು ಭಾಗ.

ಇದು ಸಣ್ಣ ವಿಷಯವಲ್ಲ. ಎರಡು ಫ್ರೇಮ್‌ಗೊಮ್ಮೆ ಚಿತ್ರ ಬದಲಾದರೆ ಕಣ್ಣು ಅದನ್ನು ಚಲನೆ ಅಂತ ಓದುತ್ತದೆ. 16 ಫ್ರೇಮ್ ನಿಂತರೆ ಕಣ್ಣು ಅದನ್ನು ಒಂದು ಚಿತ್ರ ಅಂತಲೇ ಓದುತ್ತದೆ, ನೋಡುತ್ತದೆ, ಅಷ್ಟರಲ್ಲಿ ಇನ್ನೊಂದು ಬರುತ್ತದೆ. ಎಲ್ಲ ಚಿತ್ರಗಳೂ ಸಮನಾಗಿ ಅಷ್ಟೇ ಹೊತ್ತು ನಿಲ್ಲುತ್ತವೆ ಅಂತ ಅಲ್ಲ, ಇದು ಸರಾಸರಿ. ಆದರೆ ಒಟ್ಟಿನಲ್ಲಿ ಇದು ಮಿಕ್ಕಿ ಮೌಸ್ ಥರ ನುಣುಪಾಗಿ ಓಡುವ ಅನಿಮೇಷನ್ ಆಗಲು ಸಾಧ್ಯವೇ ಇಲ್ಲ ಅನ್ನುವುದು ಲೆಕ್ಕದಿಂದಲೇ ಗೊತ್ತಾಗುತ್ತದೆ. ತಾಳದ ಹಾಗೆ ಒಂದು ಪೆಟ್ಟು, ಒಂದು ಬಿಡುವು ಅಂತ ಸಾಗಬೇಕು. ಶಬ್ದವೇ ಇಲ್ಲದ ಫಿಲಂಗೆ ತಾಳ ಬಂದದ್ದು ಹೀಗೆ.

ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯ ಇದೆ. 16 ಎಂಎಂ ಫಿಲಂನಲ್ಲಿ ಒಂದು ಅಡಿಗೆ 40 ಫ್ರೇಮ್. 11 ನಿಮಿಷಕ್ಕೆ 396 ಅಡಿ. ಅಂಗಡಿಯಲ್ಲಿ ಸಿಗುತ್ತಿದ್ದ ದೊಡ್ಡ ರೀಲು 400 ಅಡಿಯದು. ಬೇಕೆಂದೇ ಹಾಗೆ ಮಾಡಿದರೋ, ತಾನಾಗಿ ಹೊಂದಿಕೊಂಡಿತೋ, ಒಂದು ರೀಲಿಗೆ ಒಂದು ಫಿಲಂ ಸರಿಯಾಗಿ ಕೂತಿದೆ.

ಮಾಡಿದ್ದು ಹೇಗೆ

ಕೈಯಲ್ಲಿ ಬರೆಯುವ ಅನಿಮೇಷನ್ ಕೆಲಸ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪ್ರತಿ ಹಾಳೆಗೂ ಒಂದೇ ಜಾಗದಲ್ಲಿ ತೂತು ಹೊಡೆದಿರುತ್ತಾರೆ. ಮೇಜಿನ ಮೇಲೆ ಗೂಟಗಳ ಪಟ್ಟಿ ಇರುತ್ತದೆ, ಅದಕ್ಕೆ ಪೆಗ್ ಬಾರ್ ಅಂತಾರೆ. ಹಾಳೆಯನ್ನು ಅದಕ್ಕೆ ಸಿಕ್ಕಿಸಿದರೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಮೇಲಿನಿಂದ ಕ್ಯಾಮೆರಾ ಕೆಳಕ್ಕೆ ನೋಡುತ್ತಿರುತ್ತದೆ. ಎರಡೂ ಬದಿಯಿಂದ ಸಮನಾಗಿ ಬೆಳಕು. ಒಂದು ಹಾಳೆ ಇಟ್ಟು ಇಷ್ಟು ಫ್ರೇಮ್ ತೆಗೆ, ಹಾಳೆ ಬದಲಿಸು, ಮತ್ತೆ ತೆಗೆ. ಯಾವ ಹಾಳೆಗೆ ಎಷ್ಟು ಫ್ರೇಮ್ ಅನ್ನುವುದನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಬೇಕು. ಪೇಂಟಿಂಗ್‌ನಲ್ಲಿ ಸರಿ ಬರಲಿಲ್ಲ ಅಂದರೆ ಮೇಲೆ ಇನ್ನೊಂದು ಪದರ ಬಣ್ಣ ಹಚ್ಚಬಹುದು. ಇಲ್ಲಿ 300ನೇ ಹಾಳೆ ಕೆಟ್ಟರೆ ಅದು ತೆರೆಯ ಮೇಲೆ ಬರುವವರೆಗೂ ಗೊತ್ತಾಗುವುದಿಲ್ಲ. ತೊಳೆದ ಫಿಲಂ ಲ್ಯಾಬ್‌ನಿಂದ ಬರಬೇಕು, ಆಗಲೇ ನೋಡಬೇಕು.

ಇಂಥ ಕೆಲಸಕ್ಕೆ ಪಳಗಿದವರ ನೆರವು ಬೇಕೇ ಬೇಕು. ಪದಮ್ಸೀಗೆ ಸಿಕ್ಕಿದ್ದು ರಾಮ್ ಮೋಹನ್. ಭಾರತದ ಅನಿಮೇಷನ್‌ಗೆ ಅಡಿಪಾಯ ಹಾಕಿದವರಲ್ಲಿ ಅವರೊಬ್ಬರು. 1956ರಲ್ಲಿ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಮುಂಬೈಗೆ ಬಂದು ಫಿಲಂಸ್ ಡಿವಿಷನ್‌ನ ಕಾರ್ಟೂನ್ ವಿಭಾಗದವರಿಗೆ ತರಬೇತಿ ಕೊಟ್ಟರು. ಅವರ ಕೈಕೆಳಗೆ ಕಲಿತವರು ರಾಮ್ ಮೋಹನ್. 1969ರಲ್ಲಿ ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ನಲ್ಲಿ ಬರುವ ಅನಿಮೇಷನ್ ತುಣುಕು ಅವರದ್ದೇ. ಅಂದರೆ ಒಂದು ಕಡೆ ಡಿಸ್ನಿ ಶಾಲೆಯ ಶಿಸ್ತು, ಇನ್ನೊಂದು ಕಡೆ ಕ್ಲೇಯನ್ನು ಓದಿಕೊಂಡ ಪೇಂಟರ್. ಕುಟುಂಬ ಯೋಜನೆಯ ಸಂದೇಶ, ಜಾಹೀರಾತು ಇವುಗಳಿಗೆ ಬಳಕೆಯಾಗುತ್ತಿದ್ದ ಕುಶಲತೆ ಒಮ್ಮೆ ಯಾರಿಗೂ ಏನನ್ನೂ ಮಾರದ, ಯಾವ ಬುದ್ಧಿಯನ್ನೂ ಹೇಳದ ಕೆಲಸಕ್ಕೆ ಬಂತು.

ಅದೇ ಕಾರ್ಯಾಗಾರದಲ್ಲಿ ನಳಿನಿ ಮಲಾನಿ 1969ರಲ್ಲೇ 8 ಎಂಎಂನಲ್ಲಿ ‘ಡ್ರೀಮ್ ಹೌಸಸ್’ ಮಾಡಿದರು. ಕಟ್ಟಡದ ಮಾದರಿಯಂಥ ಆಕಾರಗಳ ಮೇಲೆ ಬಣ್ಣದ ಬೆಳಕು ಬಿಟ್ಟು ಒಂದೊಂದೇ ಫ್ರೇಮ್ ತೆಗೆದ ಪುಟ್ಟ ಫಿಲಂ ಅದು, ಮೂರು ನಿಮಿಷವೂ ಇಲ್ಲ. ಅದರಲ್ಲಿ ಬಣ್ಣವೇ ಎಲ್ಲ. ಪದಮ್ಸೀಯವರದ್ದರಲ್ಲಿ ಬಣ್ಣವೇ ಇಲ್ಲ.

ಇವರಿಗಿಂತ ಮೊದಲು

ಪೇಂಟರ್‌ಗಳು ಹೀಗೆ ಗೆರೆ, ಆಕಾರಗಳನ್ನೇ ಓಡಿಸಲು ಹೊರಟದ್ದು ಯುರೋಪಿನಲ್ಲಿ ಬಹಳ ಹಿಂದೆಯೇ ಆಗಿತ್ತು. ಪ್ಯಾರಿಸ್‌ನಲ್ಲಿ ಲಿಯೋಪೋಲ್ಡ್ ಸರ್ವಾಜ್ 1912ರ ನಂತರ ಬಣ್ಣದ ಹಾಳೆಗಳ ರಾಶಿಯನ್ನೇ ಬರೆದಿಟ್ಟರು. ಮೊದಲ ಮಹಾಯುದ್ಧ ಶುರುವಾಯಿತು, ಅದು ಫಿಲಂ ಆಗಲೇ ಇಲ್ಲ. ಹಾಳೆಗಳು ಈಗ ಮ್ಯೂಸಿಯಂಗಳಲ್ಲಿವೆ. 1921ರಲ್ಲಿ ಜರ್ಮನಿಯ ವಾಲ್ಟರ್ ರುಟ್‌ಮನ್ ಇಂಥ ಫಿಲಂ ಮಾಡಿ ತೋರಿಸುವುದರಲ್ಲಿ ಗೆದ್ದರು. ಆದರೆ ಆಮೇಲೆ ಕುಂಚ ಬಿಟ್ಟು ಪೂರ್ತಿ ಸಿನಿಮಾದವರೇ ಆದರು. ವೈಕಿಂಗ್ ಎಗೆಲಿಂಗ್ ಉದ್ದುದ್ದ ಸುರುಳಿಗಳ ಮೇಲೆ ಬರೆಯುತ್ತಿದ್ದ ಸ್ವೀಡನ್‌ನ ಪೇಂಟರ್. ವರ್ಷಗಟ್ಟಲೆ ಕಷ್ಟಪಟ್ಟು 1924ರಲ್ಲಿ ಒಂದು ಫಿಲಂ ಮುಗಿಸಿದರು. 1925ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಅದರ ಸಾರ್ವಜನಿಕ ಪ್ರದರ್ಶನ ಆಯಿತು, ಅದೇ ತಿಂಗಳು ಅವರು ತೀರಿಕೊಂಡರು.

ಇಂಥ ಕೆಲಸದಲ್ಲಿ ಪೇಂಟರ್ ಎಡವುವ ಕಲ್ಲು ಒಂದೇ. ಒಬ್ಬನೇ ಕೂತು ಮಾಡುವ ಕೆಲಸ ಪೇಂಟಿಂಗ್. ಫಿಲಂಗೆ ಲ್ಯಾಬ್ ಬೇಕು, ಪ್ರಿಂಟ್ ಬೇಕು, ಪ್ರೊಜೆಕ್ಟರ್ ಬೇಕು, ತೋರಿಸುವ ಜಾಗ ಬೇಕು. ಪದಮ್ಸೀಗೆ ಫೆಲೋಶಿಪ್‌ನಿಂದ ಮಾಡುವ ದುಡ್ಡೇನೋ ಬಂತು. ತೋರಿಸುವ ಜಾಗ ಬರಲಿಲ್ಲ. ಥಿಯೇಟರ್‌ಗೆ ಇಂಥದ್ದು ಬೇಡ. ಗ್ಯಾಲರಿಯವರಿಗೆ ಆಗ ಪ್ರೊಜೆಕ್ಟರ್ ಅನ್ನುವುದೇ ಪರಕೀಯ ವಸ್ತು. ಫಿಲಂ ಸೊಸೈಟಿಯವರು ಕಥಾಚಿತ್ರಗಳ ಹಿಂದೆ ಇದ್ದರು. 11 ನಿಮಿಷ ಸದ್ದಿಲ್ಲದೆ ಗೆರೆ ನೋಡಿ ಅಂದರೆ ಯಾರು ಕೂರುತ್ತಾರೆ, ಅಲ್ವಾ?

ಎರಡನೇ ಫಿಲಂ

ಎರಡನೆಯದರ ಹೆಸರು ‘ಈವೆಂಟ್ಸ್ ಇನ್ ಎ ಕ್ಲೌಡ್ ಚೇಂಬರ್’. ಕಣ್ಣಿಗೆ ಕಾಣದ ಕಣಗಳು ಹಾದುಹೋದ ದಾರಿಯನ್ನು ಮಂಜಿನ ಗೆರೆಗಳಾಗಿ ತೋರಿಸುವ ಭೌತಶಾಸ್ತ್ರದ ಪೆಟ್ಟಿಗೆಯೇ ಕ್ಲೌಡ್ ಚೇಂಬರ್. ಈ ಬಾರಿ ಪದಮ್ಸೀ ತಮ್ಮ ಕಟ್ಟನ್ನು ಉಲ್ಟಾ ಮಾಡಿಕೊಂಡರು. ಬಣ್ಣ ಬಂತು. ಸದ್ದು ಬಂತು, ಅದನ್ನು ಕೊಟ್ಟವರು ಸಂಗೀತಗಾರ್ತಿ ಗೀತಾ ಸಾರಾಭಾಯಿ. ತಮ್ಮದೇ ಒಂದು ತೈಲಚಿತ್ರವನ್ನು ಎದುರಿಗಿಟ್ಟುಕೊಂಡು, ಅದರ ಆಕಾರಗಳನ್ನು ಬಣ್ಣದ ಬೆಳಕಿನಲ್ಲಿ ಮತ್ತೆ ಕಟ್ಟಿದರು. ಬೋಲೆಕ್ಸ್ ಕ್ಯಾಮೆರಾದಲ್ಲಿ ತೆಗೆದರು. ಸುಮಾರು ಆರು ನಿಮಿಷದ ಫಿಲಂ.

ಇದ್ದದ್ದು ಒಂದೇ ಪ್ರಿಂಟ್. ಪ್ರದರ್ಶನಕ್ಕೆಂದು ಕಳುಹಿಸಿದ್ದು ವಾಪಸ್ ಬರಲಿಲ್ಲ. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಈ ಭಾಗ ಓದಿದಾಗ ಸಿಟ್ಟು ಬರುವುದು ಸಹಜ. ಆದರೆ ಯಾರೋ ಒಬ್ಬರ ಅಜಾಗರೂಕತೆ ಅಂತ ಬೈದು ಮುಗಿಸುವಂಥದ್ದಲ್ಲ ಇದು. ಒಂದು ಕ್ಯಾನ್ವಾಸ್ ಕಳೆದರೆ ಬೆಲೆಬಾಳುವ ವಸ್ತು ಕಳೆಯಿತು ಅಂತ ಎಲ್ಲರೂ ಹುಡುಕುತ್ತಾರೆ. ಫಿಲಂ ಡಬ್ಬಿ ಕಳೆದರೆ ಹಾಗಲ್ಲ. ಫಿಲಂ ಅಂದಮೇಲೆ ಎಲ್ಲೋ ಇನ್ನೊಂದು ಪ್ರಿಂಟ್ ಇದ್ದೇ ಇರುತ್ತದೆ ಅಂತ ಎಲ್ಲರ ಎಣಿಕೆ. ಪೇಂಟರ್ ಮಾಡಿದ ಫಿಲಂ ಕ್ಯಾನ್ವಾಸ್ ಥರ ಒಂದೇ ಒಂದು ಇತ್ತು. ಅದನ್ನು ನೋಡಿಕೊಂಡದ್ದು ಮಾತ್ರ ಸಿನಿಮಾ ಡಬ್ಬಿ ಥರ. ಎರಡು ಲೋಕದ ನಡುವಿನ ಸಂದಿಯಲ್ಲಿ ಅದು ಬಿದ್ದುಹೋಯಿತು.

ಪ್ರಯೋಗ ಎಲ್ಲಿಗೆ ಹೋಯಿತು

ಇಷ್ಟು ಓದಿದವರು ಇದನ್ನು ಸೋಲು ಅನ್ನಬಹುದು. ನಾನು ಅನ್ನಲಾರೆ. 1970ರ ಸುಮಾರಿಗೆ, ‘ಸಿಝಿಜಿ’ಯ ಬೆನ್ನಿಗೇ, ಪದಮ್ಸೀ ‘ಮೆಟಾಸ್ಕೇಪ್’ ಎಂಬ ಚಿತ್ರಸರಣಿ ಶುರು ಮಾಡಿದರು. ಮುಂದೆ ಅವರ ಹೆಸರಿನ ಜೊತೆ ಅಂಟಿಕೊಂಡ ಸರಣಿ ಇದು. ಯಾವ ಊರಿನದೂ ಅಲ್ಲದ ನೆಲ, ನೀರು, ಬೆಟ್ಟ. ಹಲವು ಚಿತ್ರಗಳ ಆಕಾಶದಲ್ಲಿ ಸೂರ್ಯ, ಚಂದ್ರ ಇಬ್ಬರೂ ಒಟ್ಟಿಗೇ ಇರುತ್ತಾರೆ.

ಇದರ ಮೂಲ ಕಾಳಿದಾಸ ಎಂದು ಪದಮ್ಸೀಯವರೇ ಹೇಳುತ್ತಿದ್ದರು. ‘ಅಭಿಜ್ಞಾನ ಶಾಕುಂತಲ’ದ ನಾಂದಿ ಶ್ಲೋಕ ನಮ್ಮಲ್ಲಿ ಸಂಸ್ಕೃತ ಓದಿದ ಎಷ್ಟೋ ಜನಕ್ಕೆ ಬಾಯಿಪಾಠ. ಶಿವನ ಎಂಟು ಮೂರ್ತಿಗಳನ್ನು ಹೇಳುವಾಗ ಅಲ್ಲಿ ಸೂರ್ಯ, ಚಂದ್ರರ ಹೆಸರೇ ಬರುವುದಿಲ್ಲ. ‘ಯೇ ದ್ವೇ ಕಾಲಂ ವಿಧತ್ತಃ’, ಅಂದರೆ ಕಾಲವನ್ನು ನಡೆಸುವ ಆ ಇಬ್ಬರು ಅಂತಷ್ಟೇ ಬರುತ್ತದೆ. ಪದಮ್ಸೀ ಅದನ್ನೇ ಹಿಡಿದುಕೊಂಡರು. ಇಬ್ಬರನ್ನೂ ಒಂದೇ ಆಕಾಶದಲ್ಲಿ ಇಟ್ಟರೆ ಅಲ್ಲಿ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಕಾಲ ಪೂರ್ತಿಯಾಗಿ ಒಂದೇ ಕ್ಯಾನ್ವಾಸ್ ಒಳಗೆ ಬಂದು ಕೂರುತ್ತದೆ.

ಈಗ ಫಿಲಂನ ಹೆಸರನ್ನು ಇದರ ಪಕ್ಕ ಇಟ್ಟು ನೋಡಿ. ಅಲ್ಲೂ ಸೂರ್ಯ, ಚಂದ್ರರದ್ದೇ ಸಾಲು. ಫಿಲಂನಲ್ಲಿ ಅವರು ಹೊತ್ತನ್ನು ಬಿಡಿಸಿ, ಒಂದಾದ ಮೇಲೊಂದರಂತೆ ಸಾವಿರ ಹಾಳೆಯ ಮೇಲೆ ಹರಡಿದರು. ಮೆಟಾಸ್ಕೇಪ್‌ನಲ್ಲಿ ಅದನ್ನೇ ಮಡಚಿ ಒಂದೇ ಹಾಳೆಗೆ ತಂದರು. ಎರಡೂ ಕೆಲಸ ಒಂದೇ ತಲೆಯಿಂದ, ಸರಿಸುಮಾರು ಒಂದೇ ಕಾಲದಲ್ಲಿ ಬಂದವು. ‘ಸಿಝಿಜಿ’ ಒಣ ಗಣಿತ, ಮೆಟಾಸ್ಕೇಪ್ ಕಾವ್ಯ ಅಂತ ಬೇರೆ ಮಾಡಿ ನೋಡುವುದು ನನಗಂತೂ ಸರಿ ಕಾಣುವುದಿಲ್ಲ. ಫಿಲಂ ಬಿಟ್ಟರೂ ಅದು ಕೇಳಿದ ಪ್ರಶ್ನೆಯನ್ನು ಅವರು ಬಿಡಲಿಲ್ಲ. ವಯಸ್ಸಾದ ಮೇಲೆ ಕಂಪ್ಯೂಟರಿನಲ್ಲೂ ಚಿತ್ರ ಮಾಡಿ ನೋಡಿದರು.

2016ರಲ್ಲಿ ನಿರ್ದೇಶಕ ಆಶಿಮ್ ಅಹ್ಲುವಾಲಿಯಾ ಕಳೆದುಹೋದ ಎರಡನೇ ಫಿಲಂ ಅನ್ನು ಪದಮ್ಸೀಯವರ ಜೊತೆ ಕೂತು ಮತ್ತೆ ಕಟ್ಟಲು ಹೊರಟರು. ಕೈಯಲ್ಲಿ ಇದ್ದದ್ದು 88ರ ವಯಸ್ಸಿನ ಕಲಾವಿದರ ನೆನಪು. ಹಳೆಯ ಹೆಸರಿನಲ್ಲೇ ಒಂದು ಹೊಸ ಕಿರುಚಿತ್ರ ಬಂತು. ಅದು ಹಳೆಯದರ ನಕಲು ಅಲ್ಲ, ಆಗಲು ಸಾಧ್ಯವೂ ಇರಲಿಲ್ಲ. ಆದರೆ ಪದಮ್ಸೀ ಸಿನಿಮಾ ಮಾಡಿದ್ದರು ಅನ್ನುವುದೇ ಗೊತ್ತಿಲ್ಲದ ಒಂದು ತಲೆಮಾರಿಗೆ ಸುದ್ದಿ ತಲುಪಿದ್ದು ಅದರಿಂದ. 2020ರ ಜನವರಿಯಲ್ಲಿ ಪದಮ್ಸೀ ತೀರಿಕೊಂಡರು.

ಕಾರ್ಯಾಗಾರದ ಕಿರಿಯ ಸದಸ್ಯೆ ನಳಿನಿ ಮಲಾನಿ ಮಾತ್ರ ಅನಿಮೇಷನ್‌ನಲ್ಲೇ ಬಹಳ ದೂರ ಹೋದರು. 2018ರಿಂದ ಐಪ್ಯಾಡ್ ಮೇಲೆ ಬೆರಳಲ್ಲಿ ಬರೆದ ಪುಟ್ಟ ಪುಟ್ಟ ಅನಿಮೇಷನ್‌ಗಳನ್ನು ಮಾಡುತ್ತ ಬಂದರು. ಅಂಥ 88 ತುಣುಕುಗಳನ್ನು ಸೇರಿಸಿ 2020ರಲ್ಲಿ ಲಂಡನ್ನಿನ ವೈಟ್‌ಚಾಪಲ್ ಗ್ಯಾಲರಿಯಲ್ಲಿ ಗೋಡೆ ತುಂಬ ಹಾಯಿಸಿದರು. ಪೆಗ್ ಬಾರ್ ಬೇಡ, ಲ್ಯಾಬ್ ಬೇಡ, ಕಾಯುವುದೂ ಬೇಡ. ಬರೆದ ತಕ್ಷಣ ಓಡಿಸಿ ನೋಡಬಹುದು, ಫೋನಿಗೆ ಹಾಕಿ ಜನಕ್ಕೆ ಕಳಿಸಬಹುದು. 1970ರಲ್ಲಿ ಪದಮ್ಸೀಗೆ ಸಿಗದೇ ಹೋದ ತೋರಿಸುವ ಜಾಗ ಮಲಾನಿಗೆ ಗೋಡೆಯ ಮೇಲೂ ಸಿಕ್ಕಿತು, ಜೇಬಿನಲ್ಲೂ ಸಿಕ್ಕಿತು.